ಹಳೆ ಕಾರಿಗೆ ಯಾವ ಮಿಸ್ತ್ರಿ? ಪಾನಾ ಹಿಡಿಯುವ ಮೊದಲೇ ತಿಳಿಯುತ್ತದೆ

ಮೇ ತಿಂಗಳ ಮಧ್ಯಾಹ್ನ. ಜೇವರ್ಗಿಯಿಂದ ಕಲಬುರಗಿಗೆ ಬರುತ್ತಿದ್ದೆವು. ಭೀಮಾ ಸೇತುವೆ ದಾಟಿ ಫಿರೋಜಾಬಾದ್ ಇನ್ನೂ ಮುಂದಿದೆ ಅನ್ನುವಾಗ ನಮ್ಮ 2009ರ ವ್ಯಾಗನ್ ಆರ್‌ನ ಟೆಂಪರೇಚರ್ ಮುಳ್ಳು ನಡುಗೆರೆ ಬಿಟ್ಟು ಮೇಲೇರತೊಡಗಿತು. ಎಸಿ ಬಂದ್ ಮಾಡಿದೆ, ಮುಳ್ಳು ಕೆಳಗೆ ಇಳಿಯಲಿಲ್ಲ. ಒಂದು ಬೇವಿನ ಮರ ಸಿಕ್ಕಿತು, ಅದರ ಬುಡಕ್ಕೆ ನಿಲ್ಲಿಸಿ ಒಂದು ತಾಸು ಕೂತೆವು. ಹಿಂದಿನ ಸೀಟಿನಲ್ಲಿ ಅಮ್ಮ ಇದ್ದರು. ಹೊರಗೆ 42 ಡಿಗ್ರಿ.

ಊರು ಮುಟ್ಟಿ ಮೊದಲು ಸಿಕ್ಕ ಗ್ಯಾರೇಜಿಗೆ ಹೋದೆ. ಬಾನೆಟ್ ಎತ್ತಿದವರು ಎರಡು ನಿಮಿಷ ನೋಡಿ, "ಹೆಡ್ ಗ್ಯಾಸ್ಕೆಟ್ ಹೋಗ್ಯಾದ್ರಿ ಸರ್, ಎಂಜಿನ್ ಬಿಚ್ಚಬೇಕಾಗ್ತದ. ನಾಳಿಗಿ ಬಿಟ್ಟು ಹೋಗ್ರಿ" ಅಂದರು. ಹೆಡ್ ಗ್ಯಾಸ್ಕೆಟ್ ಅಂದರೆ ಎಂಜಿನ್ನಿನ ಮೇಲಿನ ಭಾಗಕ್ಕೂ ಕೆಳಗಿನ ಭಾಗಕ್ಕೂ ನಡುವೆ ಕೂರಿಸುವ ಸೀಲು. ಮರುದಿನ ಗೆಳೆಯನೊಬ್ಬನ ಮಾತು ಕೇಳಿ ಹುಮನಾಬಾದ್ ರಸ್ತೆಯ ಕಡೆಯ ಒಬ್ಬ ಹಿರಿಯ ಮಿಸ್ತ್ರಿ ಹತ್ತಿರ ಗಾಡಿ ಒಯ್ದೆ. ಅವರು ಬಾನೆಟ್ ಮುಟ್ಟುವುದಕ್ಕೆ ಮೊದಲು ಕೇಳಿದ್ದು ಒಂದು ಪ್ರಶ್ನೆ: "ಗಾಡಿ ಯಾವಾಗ ಕಾಯ್ತದ್ರಿ? ಸಿಟಿ ಒಳಗ ನಿಂತಾಗೇನು, ಹೈವೇ ಮ್ಯಾಲ ಓಡೋ ಮುಂದೇನು?"

ಹಳೆ ಕಾರನ್ನು ಯಾರ ಕೈಗೆ ಕೊಡಬೇಕು ಅನ್ನುವುದಕ್ಕೆ ನನಗೆ ಸಿಕ್ಕ ಉತ್ತರ ಆ ಪ್ರಶ್ನೆಯೊಳಗೇ ಇತ್ತು. ದೋಷ ಹುಡುಕುವುದು ಒಂದು ಕೆಲಸ, ದೋಷ ಸರಿಪಡಿಸುವುದು ಇನ್ನೊಂದು. ಎರಡನೆಯದನ್ನು ಕೈಪಳಗಿದ ಯಾರಾದರೂ ಮಾಡುತ್ತಾರೆ. ಮೊದಲನೆಯದನ್ನು ಮಾಡುವವರು ಕಡಿಮೆ, ಹಳೆ ಗಾಡಿಗೆ ಬೇಕಾದವರು ಅವರೇ. ಹೊಸ ಗಾಡಿಯಲ್ಲಿ ಒಂದು ಸಲಕ್ಕೆ ಒಂದೇ ಭಾಗ ಕೆಡುತ್ತದೆ, ಅದನ್ನು ಬದಲಿಸಿದರೆ ಮುಗಿಯಿತು. ಹದಿನೈದು ವರ್ಷದ ಗಾಡಿಯಲ್ಲಿ ಹತ್ತು ಭಾಗಗಳು ಅರ್ಧಂಬರ್ಧ ಸವೆದಿರುತ್ತವೆ. ಯಾವುದನ್ನು ತೋರಿಸಿ "ಇದು ಹೋಗ್ಯಾದ" ಅಂದರೂ ಅದು ಪೂರ್ತಿ ಸುಳ್ಳಾಗಿರುವುದಿಲ್ಲ. ಆದರೆ ಇವತ್ತು ನಿಮ್ಮನ್ನು ರಸ್ತೆಯಲ್ಲಿ ನಿಲ್ಲಿಸಿದ್ದು ಆ ಹತ್ತರಲ್ಲಿ ಯಾವುದು? ಅದನ್ನು ಹುಡುಕದೆ ಒಂದೊಂದೇ ಬದಲಿಸುತ್ತ ಹೋದರೆ ಬೆಲೆ ತೆರುವುದು ನಿಮ್ಮ ಜೇಬು.

ಮಿಸ್ತ್ರಿ ಆ ಪ್ರಶ್ನೆ ಯಾಕೆ ಕೇಳಿದರು ಅಂತ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಮ್ಮ ಕಡೆ ಬೇಸಿಗೆಯಲ್ಲಿ ಬಹಳ ಗಾಡಿ ನಿಲ್ಲುವುದು ಹೀಗೆ ಕಾದೇ.

ಎಂಜಿನ್ನಿನ ಬಿಸಿಯನ್ನು ಕೂಲಂಟ್, ಅಂದರೆ ತಣಿಸುವ ದ್ರವ ಬೆರೆತ ನೀರು, ಹೊತ್ತು ರೇಡಿಯೇಟರಿಗೆ ತರುತ್ತದೆ, ರೇಡಿಯೇಟರಿನ ಸಣ್ಣ ಕೊಳವೆಗಳ ನಡುವೆ ಹಾಯುವ ಗಾಳಿ ಅದನ್ನು ತಣಿಸುತ್ತದೆ. ಗಾಡಿ ಓಡುವಾಗ ಗಾಳಿ ತಾನಾಗಿ ನುಗ್ಗುತ್ತದೆ. ನಿಂತಾಗ ಗಾಳಿ ಎಳೆಯುವುದು ಫ್ಯಾನ್. ಹಾಗಾದರೆ ಗಾಡಿ ಜಗತ್ ಸರ್ಕಲ್ಲಿನ ಟ್ರಾಫಿಕ್ಕಿನಲ್ಲಿ ನಿಂತಾಗ ಮಾತ್ರ ಕಾದು, ಊರು ಬಿಟ್ಟು ಓಡಿದ ಕೂಡಲೇ ತಣ್ಣಗಾಗುತ್ತದೆ ಅಂದರೆ ಮೊದಲ ಅನುಮಾನ ಫ್ಯಾನಿನ ಮೇಲೆ: ಮೋಟರ್, ರಿಲೇ, ಫ್ಯೂಸ್, ಇಲ್ಲವೇ ಬಿಸಿ ಗುರುತಿಸಿ ಫ್ಯಾನಿಗೆ ಸೂಚನೆ ಕೊಡುವ ಸ್ವಿಚ್ಚು. ಉಲ್ಟಾ, ಊರೊಳಗೆ ಸುಮ್ಮನಿದ್ದು ಹೈವೇ ಮೇಲೆ ವೇಗ ಹಿಡಿದಾಗ ಕಾಯುತ್ತದೆ ಅಂದರೆ ಗಾಳಿಯ ಕೊರತೆ ಇಲ್ಲ, ನೀರಿನ ಓಟದ ಕೊರತೆ. ರೇಡಿಯೇಟರ್ ಒಳಗೆ ಕಟ್ಟಿಕೊಂಡಿರಬಹುದು, ಕೂಲಂಟ್ ಇಳಿದಿರಬಹುದು, ವಾಟರ್ ಪಂಪ್ ಸೋತಿರಬಹುದು. ಇನ್ನು ಬೆಳಿಗ್ಗೆ ತಣ್ಣನೆ ಎಂಜಿನ್ ಚಾಲೂ ಮಾಡಿದ ಸ್ವಲ್ಪ ಹೊತ್ತಿಗೇ ರೇಡಿಯೇಟರಿನ ಬಾಯಲ್ಲಿ ಬಿಡದೆ ಗುಳ್ಳೆ ಏಳುತ್ತಿದ್ದರೆ, ಆಯಿಲ್ ಕಡ್ಡಿಗೆ ಚಹಾದ ಬಣ್ಣದ ನೊರೆ ಹತ್ತಿದ್ದರೆ, ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ ನಿಲ್ಲದಿದ್ದರೆ, ಆಗ ಹೆಡ್ ಗ್ಯಾಸ್ಕೆಟ್ಟಿನ ಮಾತು ಎತ್ತಬೇಕು. ಹೆಡ್ ಗ್ಯಾಸ್ಕೆಟ್ ಹೋಗುತ್ತದೆ, ಸುಳ್ಳಲ್ಲ. ಆದರೆ ಅದು ಪಟ್ಟಿಯ ಕೊನೆಯಲ್ಲಿ ಬರುವ ಹೆಸರು. ಅದನ್ನು ಮೊದಲೇ ಹೇಳುವವರು ನಡುವಿನ ಎಲ್ಲವನ್ನೂ ನೋಡಿ ಹೇಳುತ್ತಿದ್ದಾರೋ, ನೋಡದೆ ಹೇಳುತ್ತಿದ್ದಾರೋ ಅಂತ ನಾವು ಕೇಳಬೇಕು.

ನಮ್ಮ ಗಾಡಿ ಹೈವೇ ಮೇಲೆ ಕಾದಿತ್ತು. ಮಿಸ್ತ್ರಿ ಎಂಜಿನ್ ಪೂರ್ತಿ ಆರುವ ತನಕ ಕಾದರು. ಬಿಸಿ ರೇಡಿಯೇಟರಿನ ಮುಚ್ಚಳ ತೆಗೆದರೆ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಅಷ್ಟು ಹೊತ್ತು ಕಾಯುವ ತಾಳ್ಮೆಯೂ ಒಂದು ಗುರುತೇ. ಆಮೇಲೆ ಮುಚ್ಚಳ ತಿರುಗಿಸಿ ತೆಗೆದು ನನ್ನ ಅಂಗೈ ಮೇಲಿಟ್ಟರು. ಒಳಗಿನ ರಬ್ಬರ್ ಉಂಗುರ ಒಣಗಿ ಸೀಳಿತ್ತು. ಈ ಮುಚ್ಚಳ ಬರೀ ಮುಚ್ಚಳವಲ್ಲ. ಅದು ಒಳಗೆ ಒತ್ತಡ ಹಿಡಿದಿಡುವುದರಿಂದಲೇ ಕೂಲಂಟ್ 100 ಡಿಗ್ರಿಗೆ ಕುದಿಯದೆ 120ರ ಆಸುಪಾಸಿನ ತನಕ ತಡೆಯುತ್ತದೆ. ಉಂಗುರ ಸೀಳಿದರೆ ಒತ್ತಡ ನಿಲ್ಲುವುದಿಲ್ಲ, ನೀರು ಬೇಗ ಕುದಿದು ಹೊರಗೆ ಹೋಗುತ್ತದೆ.

ಬಳಿಕ ಟಾರ್ಚ್ ಹಿಡಿದು ರೇಡಿಯೇಟರಿನ ಬಾಯೊಳಗೆ ತೋರಿಸಿದರು. ಕೊಳವೆಗಳ ತುದಿಗೆ ಬೆಳ್ಳಗೆ ಸುಣ್ಣ ಕಟ್ಟಿತ್ತು. ಮನೆಯಲ್ಲಿ ನೀರು ಕಾಯಿಸುವ ಹಂಡೆಯ ತಳಕ್ಕೆ ಕಟ್ಟುತ್ತದಲ್ಲ, ಅದೇ. ನಮ್ಮ ಬೋರ್‌ವೆಲ್ ನೀರು ಗಡಸು. ಕೂಲಂಟ್ ಕಡಿಮೆಯಾದಾಗಲೆಲ್ಲ ನಲ್ಲಿಯದೋ ಬೋರಿನದೋ ನೀರು ಸುರಿಯುತ್ತ ಬಂದಿದ್ದೆವು, ಅದರ ಫಲ ಅಲ್ಲಿ ಕುಳಿತಿತ್ತು. ಕೂಲಂಟಿಗೆ ಬೆರೆಸುವುದು ಡಿಸ್ಟಿಲ್ಡ್ ನೀರು, ಬ್ಯಾಟರಿಗೆ ಹಾಕುವ ನೀರು. ಬಾಟಲಿ ಮೇಲೆ ಬೆರೆಸಿಯೇ ಬಂದದ್ದು ಅಂತ ಇದ್ದರೆ ಏನೂ ಬೆರೆಸಬಾರದು.

ಮೂರನೆಯದಾಗಿ ಅವರು ಥರ್ಮೋಸ್ಟಾಟ್, ಅಂದರೆ ರೇಡಿಯೇಟರಿಗೆ ಹೋಗುವ ಕೂಲಂಟಿನ ದಾರಿ ತೆರೆದು ಮುಚ್ಚುವ ವಾಲ್ವ್, ಇರುವ ಗೂಡು ಬಿಚ್ಚಿದರು. ಗೂಡು ಖಾಲಿ. ಹಿಂದೆ ಯಾರೋ ಕಿತ್ತು ಬಿಸಾಡಿದ್ದರು. ಬಿಸಿಲ ಊರುಗಳ ಗ್ಯಾರೇಜುಗಳಲ್ಲಿ ಇದು ಹಳೆಯ ಚಾಳಿ: "ನಮ್ಮ ಕಡಿ ಬಿಸಿಲಿಗಿ ವಾಲ್ ಬ್ಯಾಡ್ರಿ, ತೆಗೆದ್ಬಿಡ್ರಿ." ಥರ್ಮೋಸ್ಟಾಟ್ ಎಂಜಿನ್ ತಣ್ಣಗಿರುವಾಗ ಮುಚ್ಚಿಕೊಂಡು, ಬಹಳಷ್ಟು ಕಾರುಗಳಲ್ಲಿ ಸುಮಾರು 82ರಿಂದ 88 ಡಿಗ್ರಿಗೆ ತೆರೆಯುತ್ತದೆ. ಅದನ್ನು ತೆಗೆದರೆ ಚಳಿಗಾಲದಲ್ಲಿ ಎಂಜಿನ್ ಹದ ಬಿಸಿಗೆ ಬರುವುದೇ ತಡ, ಅಲ್ಲಿಯ ತನಕ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಸವೆತವೂ ಹೆಚ್ಚು. ಕೆಲವು ಎಂಜಿನ್ನುಗಳಲ್ಲಿ ಇನ್ನೊಂದು ಅನಾಹುತ: ಥರ್ಮೋಸ್ಟಾಟ್ ಮುಚ್ಚಬೇಕಾದ ಬೈಪಾಸ್ ದಾರಿ ಸದಾ ತೆರೆದೇ ಉಳಿದು, ಬಿಸಿ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಎಂಜಿನ್ನಿಗೇ ವಾಪಸ್ ತಿರುಗುತ್ತದೆ. ತಣ್ಣಗಾಗಲಿ ಅಂತ ಕಿತ್ತದ್ದೇ ಬಿಸಿ ಹೆಚ್ಚಿಸಬಹುದು. ಹೊಸ ಥರ್ಮೋಸ್ಟಾಟ್ ತಂದ ಮೇಲೂ ಮಿಸ್ತ್ರಿ ಅದನ್ನು ನೇರ ಕೂರಿಸಲಿಲ್ಲ. ಚಹಾ ಕಾಸುವ ಪಾತ್ರೆಯಲ್ಲಿ ನೀರಿಟ್ಟು, ತಂತಿಗೆ ಕಟ್ಟಿ ಇಳಿಬಿಟ್ಟರು. ನೀರು ಕುದಿ ಹತ್ತುವ ಮೊದಲೇ ಆ ಹಿತ್ತಾಳೆ ಬಾಯಿ ಮೆಲ್ಲಗೆ ತೆರೆದುಕೊಂಡಿತು. "ಈಗ ಹಾಕ್ಬಹುದ್ರಿ" ಅಂದರು.

ಎಂಜಿನ್ ಬಿಚ್ಚಲಿಲ್ಲ. ರೇಡಿಯೇಟರ್, ಮುಚ್ಚಳ, ಥರ್ಮೋಸ್ಟಾಟ್, ಕೂಲಂಟ್, ಇಷ್ಟರಲ್ಲಿ ಮುಗಿಯಿತು.

ಈ ಬಗೆಯ ಪರೀಕ್ಷೆ ಎಲ್ಲ ದೋಷಕ್ಕೂ ಇದೆ, ಅದನ್ನು ಮಾಡುವವರು ಯಾರು ಅಂತ ನೋಡಿ. ಬೆಳಿಗ್ಗೆ ಸೆಲ್ಫ್ ಎಳೆಯುತ್ತಿಲ್ಲ ಅಂದ ಕೂಡಲೇ ಬ್ಯಾಟರಿ ಮಾರುವವರು ಉಂಟು. ಒಂದು ಮಲ್ಟಿಮೀಟರ್ ಸಾಕು: ರಾತ್ರಿಯಿಡೀ ನಿಂತ ಗಾಡಿಯ ಒಳ್ಳೆಯ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ, ಎಂಜಿನ್ ಓಡುವಾಗ ಹೆಚ್ಚುಕಡಿಮೆ 13.8ರಿಂದ 14.4. ಓಡುವಾಗಲೂ 12ರ ಆಸುಪಾಸಿನಲ್ಲೇ ನಿಂತರೆ ಕೆಟ್ಟದ್ದು ಚಾರ್ಜ್ ಮಾಡಬೇಕಾದ ಆಲ್ಟರ್ನೇಟರ್, ಅದರ ಬೆಲ್ಟ್, ಇಲ್ಲವೇ ವೈರಿಂಗ್. ಅಂಥ ಗಾಡಿಗೆ ಹೊಸ ಬ್ಯಾಟರಿ ಹಾಕಿದರೂ ಮೂರು ದಿನಕ್ಕೆ ಮತ್ತೆ ನಿಲ್ಲುತ್ತದೆ.

ಎಸಿ ಕಥೆಯಂತೂ ಪ್ರತಿ ಏಪ್ರಿಲ್ ಬಂದರೆ ಶುರು. "ಗ್ಯಾಸ್ ಖಾಲಿ ಆಗ್ಯಾದ, ತುಂಬಿಸಿಬಿಡ್ರಿ." ಎಸಿ ಗ್ಯಾಸ್ ಪೆಟ್ರೋಲಿನಂತೆ ಉರಿದು ಖರ್ಚಾಗುವಂಥದ್ದಲ್ಲ, ಮುಚ್ಚಿದ ಕೊಳವೆಯೊಳಗೆ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ಹಳೆ ಗಾಡಿಯ ಸೀಲುಗಳಿಂದ ವರ್ಷಗಳಲ್ಲಿ ಸ್ವಲ್ಪ ಸೋರುವುದು ಸಹಜ. ಆದರೆ ಹೋದ ವರ್ಷ ತುಂಬಿಸಿದ್ದು ಈ ವರ್ಷ ಇಲ್ಲ ಅಂದರೆ ಎಲ್ಲೋ ಲೀಕ್ ಇದೆ. ಒತ್ತಡದಲ್ಲಿ ನೈಟ್ರೋಜನ್ ಬಿಟ್ಟು, ಜೋಡಣೆಗಳಿಗೆ ಸಾಬೂನು ನೀರು ಹಚ್ಚಿ ಗುಳ್ಳೆ ನೋಡುವವರು, ತುಂಬುವ ಮೊದಲು ವ್ಯಾಕ್ಯೂಮ್ ಎಳೆಯುವವರು, ಗ್ಯಾಸನ್ನು ತೂಕ ಹಾಕಿ ಬಿಡುವವರು ನಿಮ್ಮ ಎಸಿ ಮಿಸ್ತ್ರಿ. ಹತ್ತು ನಿಮಿಷದಲ್ಲಿ ತುಂಬಿ ಕಳಿಸುವವರ ಹತ್ತಿರ ಮುಂದಿನ ಏಪ್ರಿಲ್ಲಿಗೂ ಹೋಗಬೇಕಾಗುತ್ತದೆ.

ಈಗ ಸಣ್ಣ ಗ್ಯಾರೇಜುಗಳಲ್ಲೂ ಸ್ಕ್ಯಾನರ್ ಬಂದಿದೆ. ಚೆಕ್ ಎಂಜಿನ್ ದೀಪ ಹತ್ತಿದರೆ ಸ್ಕ್ಯಾನರ್ ಚುಚ್ಚಿ ದೋಷದ ಕೋಡ್ ಓದುತ್ತಾರೆ. ಒಳ್ಳೆಯದೇ, ಆದರೆ ಕೋಡ್ ಹೇಳುವುದು ಯಾವ ಸರ್ಕ್ಯೂಟಿನಲ್ಲಿ ಏರುಪೇರು ಕಂಡಿತು ಅನ್ನುವುದನ್ನು ಮಾತ್ರ. ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರಿನ ಕೋಡ್ ಬಂದರೆ ಸೆನ್ಸರೇ ಕೆಟ್ಟಿರಬೇಕೆಂದಿಲ್ಲ. ಅದರ ವೈರ್ ತುಂಡಾಗಿರಬಹುದು, ಸೈಲೆನ್ಸರ್ ಪೈಪ್ ಸೀಳಿ ಹೊರಗಿನ ಗಾಳಿ ಎಳೆಯುತ್ತಿರಬಹುದು. ಕೋಡ್ ಓದಿದ ಮೇಲೆ "ಈಗ ಏನು ಪರೀಕ್ಷೆ ಮಾಡ್ತೀರಿ?" ಅಂತ ಕೇಳಿ. ಉತ್ತರ ಬರಲಿಲ್ಲ ಅಂದರೆ ಅವರಿಗೆ ಯಂತ್ರ ಓದಲು ಬರುತ್ತದೆ, ಗಾಡಿ ಓದಲು ಬರುವುದಿಲ್ಲ. ಸೆನ್ಸರ್ ಬದಲಿಸಿ ದೀಪ ಆರಿಸಿ ಕಳಿಸಿದರೆ, ಎರಡು ವಾರಕ್ಕೆ ಅದೇ ದೀಪ ಮತ್ತೆ ಹತ್ತುತ್ತದೆ.

ಸೇಡಂ, ಮಳಖೇಡ, ವಾಡಿ ಕಡೆ ಸಿಮೆಂಟ್ ಲಾರಿಗಳ ಹಿಂದೆ ಓಡಾಡುವವರ ಗಾಡಿಯಲ್ಲಿ ಮುಂದಿನ ಗಾಲಿಯ ಹತ್ತಿರ ಕಟಕಟ ಶಬ್ದ ಬರುವುದು ಸಾಮಾನ್ಯ. ಲಿಂಕ್ ರಾಡೋ, ಲೋವರ್ ಆರ್ಮಿನ ಬುಶ್ಶೋ, ಬಾಲ್ ಜಾಯಿಂಟೋ ಅನ್ನುವುದು ನಿಂತ ಗಾಡಿಯಲ್ಲಿ ತಿಳಿಯುವುದಿಲ್ಲ. ಒಳ್ಳೆಯ ಮಿಸ್ತ್ರಿ ಪಕ್ಕದ ಸೀಟಿನಲ್ಲಿ ಕೂತು ಹಂಪ್ ಮೇಲೆ ಓಡಿಸಿ ಅನ್ನುತ್ತಾರೆ, ಆಮೇಲೆ ಜಾಕ್ ಹಾಕಿ ರಾಡ್ ಇಟ್ಟು ಮೀಟಿ, ಎಲ್ಲಿ ಆಟ ಇದೆ ಅಂತ ನಿಮ್ಮ ಕೈಯಲ್ಲೇ ಮುಟ್ಟಿಸುತ್ತಾರೆ. ಟ್ರಯಲ್ ನೋಡದೆ ಸಸ್ಪೆನ್ಶನ್ನಿನ ಪೂರ್ತಿ ಪಟ್ಟಿ ಬರೆಯುವವರಿಂದ ದೂರ ಇರಿ.

ಇಷ್ಟು ಹೇಳಿದ್ದರಿಂದ ಹೆಚ್ಚು ಕೆಲಸ ಹೇಳುವವರೆಲ್ಲ ಮೋಸಗಾರರು ಅಂತ ಯಾರೂ ತಿಳಿಯಬಾರದು. ಈ ತಪ್ಪು ನಾನೇ ಮಾಡಿದ್ದೇನೆ, ಒಬ್ಬ ಪ್ರಾಮಾಣಿಕ ಮನುಷ್ಯನ ಮನಸ್ಸು ನೋಯಿಸಿದ್ದೇನೆ. ಕ್ಲಚ್ ಪ್ಲೇಟ್ ಸವೆದಿದೆ ಅಂತ ಹೋದರೆ ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಕೂಡ ಹಾಕೋಣ ಅಂದರು. ಬಿಲ್ ಬೆಳೆಸುತ್ತಿದ್ದಾರೆ ಅಂತ ನಾನು ಮುಖ ಗಂಟಿಕ್ಕಿದೆ. ನಿಜವೇನೆಂದರೆ ಗೇರ್‌ಬಾಕ್ಸ್ ಇಳಿಸದೆ ಆ ಮೂರರಲ್ಲಿ ಒಂದನ್ನೂ ಮುಟ್ಟಲಾಗುವುದಿಲ್ಲ. ಪ್ಲೇಟ್ ಮಾತ್ರ ಹಾಕಿ, ಆರು ತಿಂಗಳಿಗೆ ಬೇರಿಂಗ್ ಕಿರುಗುಟ್ಟಿದರೆ ಅದೇ ಮಜೂರಿ ಇನ್ನೊಮ್ಮೆ. ಎಂಜಿನ್ನಿನ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚಿಸುವ ಟೈಮಿಂಗ್ ಬೆಲ್ಟ್ ಬದಲಿಸುವಾಗ, ಅದನ್ನು ಬಿಗಿ ಹಿಡಿಯುವ ಟೆನ್ಶನರ್ ಬೇರಿಂಗ್ ಕೂಡ ಹಾಕಿ ಅನ್ನುವುದೂ ಇದೇ ಲೆಕ್ಕ. "ಇದು ಯಾಕೆ ಈಗಲೇ?" ಅಂತ ಕೇಳಿದಾಗ ಕಾರಣ ಬಂದರೆ ಅದು ಸಲಹೆ. "ಹಾಕ್ಬೇಕು ಅಂದ್ರ ಹಾಕ್ಬೇಕ್ರಿ" ಅಂತ ಬಂದರೆ ಇನ್ನೊಬ್ಬರನ್ನು ಕೇಳಿ.

ಟೈಮಿಂಗ್ ಬೆಲ್ಟಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. ಮಾರುತಿ 800, ಹಳೆ ಸ್ಯಾಂಟ್ರೊ, ಇಂಡಿಕಾ ಡೀಸೆಲ್, ಹಳೆ ವ್ಯಾಗನ್ ಆರ್, ಇವುಗಳಲ್ಲಿ ಇರುವುದು ರಬ್ಬರ್ ಬೆಲ್ಟ್. ಆಮೇಲಿನ ಅನೇಕ ಎಂಜಿನ್ನುಗಳಲ್ಲಿ ಚೈನ್. ಬೆಲ್ಟಿಗೆ ಇಷ್ಟು ಕಿಲೋಮೀಟರ್ ಅಂತ ಗಡುವು ಇರುತ್ತದೆ, ಗಾಡಿಯ ಪುಸ್ತಕದಲ್ಲಿ ಬರೆದಿರುತ್ತದೆ. ಕೆಲವು ಎಂಜಿನ್ನುಗಳಲ್ಲಿ ಅದು ಓಡುವಾಗ ಹರಿದರೆ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ, ಆಗ ನಿಜವಾಗಿಯೂ ಎಂಜಿನ್ ಬಿಚ್ಚಬೇಕು. ಪುಸ್ತಕ ಓದಿಕೊಂಡು ಹೋಗಿ ಹೊಸ ಮಿಸ್ತ್ರಿಗೆ ಕೇಳಿ: "ಇದಕ್ಕ ಬೆಲ್ಟ್ ಐತೋ ಚೈನ್ ಐತೋ? ಯಾವಾಗ ಬದಲಿಸಬೇಕು?" ನಿಮ್ಮ ಮಾಡೆಲ್ಲಿನ ಮೇಲೆ ಅವರ ಕೈ ಓಡಿದೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ.

ಶೋರೂಮ್ ಸರ್ವಿಸ್ ಸೆಂಟರೋ, ಹೊರಗಿನ ಗ್ಯಾರೇಜೋ? ಎರಡಕ್ಕೂ ಜಾಗ ಇದೆ. ಏರ್‌ಬ್ಯಾಗ್, ಕಳ್ಳತನ ತಡೆಯುವ ಇಮೊಬಿಲೈಸರ್ ಇರುವ ಕೀಲಿ, ಕಂಪನಿ ಸಾಫ್ಟ್‌ವೇರ್ ಬೇಕಾಗುವ ಎಬಿಎಸ್ ಬ್ರೇಕಿನ ಕೆಲಸ, ಇಂಥವಕ್ಕೆ ನಾನು ಕಂಪನಿ ಸರ್ವಿಸ್ ಸೆಂಟರಿಗೇ ಹೋಗುತ್ತೇನೆ. ಉಳಿದ ಕೆಲಸಕ್ಕೆ ಹಳೆ ಗಾಡಿಯಾದರೆ ಹೊರಗಿನ ಒಳ್ಳೆಯ ಮಿಸ್ತ್ರಿಯೇ ಮೇಲು ಅನ್ನುವುದು ನನ್ನ ಅನುಭವ. ಸರ್ವಿಸ್ ಸೆಂಟರಿನಲ್ಲಿ ನಿಮ್ಮ ಜೊತೆ ಮಾತಾಡುವವರು ಒಬ್ಬರು, ಪಾನಾ ಹಿಡಿಯುವವರು ಇನ್ನೊಬ್ಬರು. ಮುಂದಿನ ವರ್ಷ ಇಬ್ಬರೂ ಅಲ್ಲಿ ಇಲ್ಲದಿರಬಹುದು. ಒಂದು ಬುಶ್ ಸವೆದರೆ ಪೂರ್ತಿ ಆರ್ಮ್ ಬದಲಿಸುವುದು ಅಲ್ಲಿನ ರೂಢಿ. ಹೊರಗಿನ ಮಿಸ್ತ್ರಿ ಬುಶ್ ಮಾತ್ರ ಪ್ರೆಸ್ ಮಾಡಿಸಿ ಕೂರಿಸುತ್ತಾರೆ, ಹೋದ ಮಳೆಗಾಲದಲ್ಲಿ ಏನು ಮಾಡಿದ್ದೆ ಅನ್ನುವುದೂ ಅವರಿಗೆ ನೆನಪಿರುತ್ತದೆ.

ಒಬ್ಬರೇ ಎಲ್ಲ ಮಾಡಲಿ ಅಂತಲೂ ಬಯಸಬಾರದು. ಎಂಜಿನ್ ಮಿಸ್ತ್ರಿ ಬೇರೆ, ವೈರಿಂಗ್ ನೋಡುವ ಎಲೆಕ್ಟ್ರಿಶಿಯನ್ ಬೇರೆ, ರೇಡಿಯೇಟರ್ ಕೆಲಸದವರು, ಲೇತಿನವರು, ಡೆಂಟಿಂಗ್‌ನವರು ಬೇರೆ ಬೇರೆ. "ಇದು ನನ್ನ ಕೆಲಸ ಅಲ್ರಿ, ಅವರ ಹತ್ರ ತೋರಿಸ್ರಿ" ಅಂತ ಕಳಿಸುವವರನ್ನು ಬಿಡಬೇಡಿ.

ಸ್ಪೇರ್ ಪಾರ್ಟಿನಲ್ಲಿ ಮೂರು ದರ್ಜೆ. ಕಂಪನಿಯ ಡಬ್ಬಿಯಲ್ಲಿ ಬರುವ ಜೆನ್ಯೂನ್, ಕಂಪನಿಗಳಿಗೇ ಮಾಲು ಕೊಡುವ ಬಾಷ್, ಗೇಬ್ರಿಯಲ್, ಸುಬ್ರೋಸ್‌ನಂಥವರು ತಮ್ಮ ಹೆಸರಲ್ಲಿ ಮಾರುವುದು, ಹೆಸರಿಲ್ಲದ ಲೋಕಲ್. ಎರಡನೆಯ ದರ್ಜೆ ಹಳೆ ಗಾಡಿಗೆ ಬಹಳ ಸಲ ಸರಿಹೋಗುತ್ತದೆ. ಬ್ರೇಕು, ಸ್ಟೀರಿಂಗು, ಟೈಮಿಂಗ್ ಬೆಲ್ಟ್ ಈ ಮೂರಕ್ಕೆ ಲೋಕಲ್ ಮಾಲು ಎಷ್ಟೇ ಅಗ್ಗವಿದ್ದರೂ ಬೇಡ. ಯಾವುದು ಹಾಕುತ್ತೀರಿ ಅಂತ ಮೊದಲೇ ಕೇಳಿ, ಡಬ್ಬಿ ಮೇಲಿನ ಎಂಆರ್‌ಪಿ ನೋಡಿ, ತೆಗೆದ ಹಳೆ ಭಾಗವನ್ನು ವಾಪಸ್ ಕೇಳಿ. ಬೇಸರಿಸದೆ ಕೊಟ್ಟರೆ ನಿಶ್ಚಿಂತೆ. ಬಿಲ್ಲಿನಲ್ಲಿ ಪಾರ್ಟಿನ ದುಡ್ಡು ಬೇರೆ, ಮಜೂರಿ ಬೇರೆ ಬರೆಸಿಕೊಳ್ಳಿ. ಬಾಯಿಲೆಕ್ಕದ ಗ್ಯಾರೇಜಾದರೆ ಒಂದು ಚೀಟಿಯಲ್ಲಾದರೂ ತಾರೀಖು, ಕಿಲೋಮೀಟರ್, ಹಾಕಿದ ಸಾಮಾನು ಬರೆದಿರಲಿ. ಆ ಚೀಟಿಗಳ ಕಟ್ಟು ಗಾಡಿಯಲ್ಲೇ ಇದ್ದರೆ ಮುಂದಿನ ಮಿಸ್ತ್ರಿಯ ಅರ್ಧ ಹುಡುಕಾಟ ತಪ್ಪುತ್ತದೆ.

ಇನ್ನೊಂದು ಮಾತು ಗಾಡಿ ಇರುವ ನಮಗೆ. ಹುಡುಕುವುದಕ್ಕೆ ದುಡ್ಡು ಕೊಡುವುದಿಲ್ಲ ನಾವು. ಮಿಸ್ತ್ರಿ ಒಂದು ತಾಸು ತಲೆ ಕೆಡಿಸಿಕೊಂಡು ಸಡಿಲಾದ ಒಂದು ಅರ್ತ್ ವೈರ್ ಕಂಡುಹಿಡಿದರೆ, "ಬರೀ ವೈರ್ ಬಿಗಿ ಮಾಡೀರಿ, ಇದಕ್ಕೇನು ದುಡ್ಡು?" ಅನ್ನುತ್ತೇವೆ. ಅದೇ ವ್ಯಕ್ತಿ ಹೊಸ ಸೆಲ್ಫ್ ಮೋಟರ್ ಹಾಕಿದ್ದರೆ ಸಾವಿರಗಟ್ಟಲೆ ಎಣಿಸಿ ಕೊಡುತ್ತಿದ್ದೆವು. ಭಾಗ ಬದಲಿಸಿದರೆ ಮಾತ್ರ ದುಡಿಮೆ ಅಂತ ನಾವೇ ಕಲಿಸಿದರೆ ಅವರು ಭಾಗ ಬದಲಿಸುವುದನ್ನೇ ಕಲಿಯುತ್ತಾರೆ. ಈಗ ನಾನು ಗಾಡಿ ಬಿಡುವಾಗಲೇ ಹೇಳುತ್ತೇನೆ: "ಮೊದಲು ಏನಾಗ್ಯಾದ ನೋಡ್ರಿ, ನೋಡಿದ್ದಕ್ಕ ಮಜೂರಿ ಬೇರೆ ಕೊಡ್ತೀನಿ. ಹೇಳದೆ ಏನೂ ಹಾಕಬ್ಯಾಡ್ರಿ."

ಹೊಸ ಮಿಸ್ತ್ರಿಗೆ ಮೊದಲ ದಿನವೇ ದೊಡ್ಡ ಕೆಲಸ ಕೊಡಬೇಡಿ. ಆಯಿಲ್ ಬದಲಿಸುವುದು, ಬ್ರೇಕ್ ಶೂ ಸ್ವಚ್ಛ ಮಾಡಿಸುವುದು, ಇಂಥದ್ದರಿಂದ ಶುರು ಮಾಡಿ, ಪಕ್ಕದಲ್ಲೇ ನಿಲ್ಲಿ. ಡ್ರೈನ್ ಬೋಲ್ಟನ್ನು ಮೊದಲು ಕೈಯಿಂದ ತಿರುಗಿಸಿ ಕೂರಿಸುತ್ತಾರೋ, ಒಮ್ಮೆಲೇ ಪಾನಾ ಹಾಕಿ ಬಿಗಿಯುತ್ತಾರೋ? ಗಾಲಿಯ ನಟ್ಟುಗಳನ್ನು ಎದುರುಬದುರು ಬಿಗಿ ಮಾಡುತ್ತಾರೋ? ಬಿಚ್ಚಿದ ಸ್ಕ್ರೂಗಳು ತಟ್ಟೆಯಲ್ಲಿವೆಯೋ, ನೆಲದ ಮೇಲೋ? ಗಾಡಿ ವಾಪಸ್ ಕೊಡುವಾಗ ಇನ್ನೇನು ಕಂಡಿತು ಅಂತ ಕೇಳಿ. "ಹಿಂದಿನ ಟೈರ್ ಸವೆದಾವ, ಇದು ತಡೀಬ್ಯಾಡ್ರಿ. ಮುಂದಿನ ಬುಶ್ ಇನ್ನೊಂದು ವರ್ಷ ನಡೀತದ" ಅಂತ ತುರ್ತಿನದು, ತಡೆಯುವುದು ಬೇರೆ ಮಾಡಿ ಹೇಳಿದರೆ ನಿಮಗೆ ಬೇಕಾದವರು ಸಿಕ್ಕಿದರು. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ, ಆರ್‌ಟಿಒದಲ್ಲಿ ಗಾಡಿ ತೋರಿಸಿ 5 ವರ್ಷಕ್ಕೆ ನವೀಕರಿಸಬೇಕು. ಆ ಗಡುವಿನ ಹತ್ತಿರ ಬಂದ ಗಾಡಿಗೆ ಎಷ್ಟು ಸುರಿಯಬೇಕು, ಎಲ್ಲಿ ನಿಲ್ಲಿಸಬೇಕು ಅಂತ ಮುಚ್ಚುಮರೆಯಿಲ್ಲದೆ ಹೇಳಬಲ್ಲವರೂ ಅವರೇ.

ನಮ್ಮ ಮಿಸ್ತ್ರಿ ಅವತ್ತು ಗಾಡಿ ಕೊಡುವಾಗ, ರಾತ್ರಿ ಮನೆ ಮುಂದೆ ನಿಲ್ಲಿಸಿದಾಗ ಕೆಳಗೆ ಒಂದು ಹಳೆ ಪೇಪರ್ ಹಾಸಲು ಹೇಳಿದರು. ಹಸಿರು ಹನಿ ಬಿದ್ದರೆ ಕೂಲಂಟ್, ಕಂದು ಇಲ್ಲವೇ ಕಪ್ಪು ಬಿದ್ದರೆ ಎಂಜಿನ್ ಆಯಿಲ್, ಬರೀ ನೀರಾದರೆ ಎಸಿಯದು, ಚಿಂತೆ ಬೇಡ. ಶಹಾಬಾದ್ ಫರಸಿಯ ಅಂಗಳದಲ್ಲಿ ಪೇಪರ್ ಹಾಸಿ ಮಲಗಿದೆ. ಬೆಳಿಗ್ಗೆ ನೋಡಿದರೆ ಎಡಮೂಲೆಯಲ್ಲಿ ಕಾಸಿನಗಲ ಒಂದು ಹಸಿರು ಕಲೆ. ಪೇಪರನ್ನೇ ಮಡಚಿ ಒಯ್ದು ತೋರಿಸಿದೆ. ಕಲೆ ಎಲ್ಲಿ ಬಿದ್ದಿದೆ ಅಂತ ಪೇಪರನ್ನು ಗಾಡಿಯ ಕೆಳಗೆ ಮತ್ತೆ ಹಾಸಿ ಅಳೆದರು, ಕೆಳಗೆ ಮಲಗಿ ನೋಡಿದರು. ಅವರೇ ಹಾಕಿದ್ದ ಕೆಳಗಿನ ಹೋಸಿನ ಕ್ಲಿಪ್ ಅರ್ಧ ಸುತ್ತು ಸಡಿಲಿತ್ತು. "ನಂದೇ ತಪ್ಪದ್ರಿ" ಅಂದು ಬಿಗಿ ಮಾಡಿ, ಇಳಿದಷ್ಟು ಕೂಲಂಟ್ ತಾವೇ ಹಾಕಿ, ಇನ್ನೊಂದು ರಾತ್ರಿ ಪೇಪರ್ ಹಾಸಿರಿ ಅಂದರು.